ಹೀರೇಕಾಯಿಯನ್ನು ಅಡ್ಡ ಕೊಯ್ದ ಮೇಲೆ

(ಕೊಪ್ಪಳದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದನ್ನು ಬರೆದಿಟ್ಟಿದ್ದೇನೆ. ಬಂದವರಲ್ಲಿ ಐಟಿಐ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರೇ ಜಾಸ್ತಿ. ನಾಲ್ಕೈದು ಜನ ಬಡಿಗರಿದ್ದರು. ಹಿಂದಿನ ಸಾಲಿನಲ್ಲಿ ತರಕಾರಿ ಬೆಳೆಯುವ ಒಂದಷ್ಟು ಹೆಣ್ಣುಮಕ್ಕಳಿದ್ದರು. ಅವತ್ತು ಹೇಳಲು ಬಿಟ್ಟುಹೋದ ಕೆಲವು ಮಾತನ್ನೂ ಸೇರಿಸಿದ್ದೇನೆ.)

ಎಲ್ಲರ ಕೈಗೂ ಒಂದೊಂದು ಬೆಂಡೆಕಾಯಿ ಬಿಲ್ಲೆ ಬಂತಾ? ಬರದವರು ಪಕ್ಕದವರದ್ದನ್ನು ನೋಡಿ. ಮೊದಲ ಕೆಲಸ ಎಣಿಸುವುದು. ಒಳಗೆ ಎಷ್ಟು ಕೋಣೆ ಇವೆ? ಹೊರಗೆ ಎಷ್ಟು ಏಣು ಇವೆ?

ಐದು. ಐದು. ಆ ಕಡೆ ಯಾರೋ ಏಳು ಅಂದರು, ಕಿಟಕಿ ಹತ್ತಿರದವರು ಎಂಟು ಅಂದರು. ಎಲ್ಲವೂ ಸರಿ. ಸಂತೆಗೆ ಬರುವ ಬೆಂಡೆಗೆ ಸಾಮಾನ್ಯವಾಗಿ ಐದು ಏಣು, ಕೆಲವು ನಾಟಿ ತಳಿಗೆ ಏಳು, ಎಂಟೂ ಇರುತ್ತವೆ. ಹುಟ್ಟಿದಾಗಿನಿಂದ ತಿನ್ನುತ್ತಿದ್ದೇವೆ, ಎಣಿಸಿರಲಿಲ್ಲ ಅಲ್ವಾ? ನಾನೂ ಮೂವತ್ತು ದಾಟುವ ತನಕ ಎಣಿಸಿರಲಿಲ್ಲ.

ಈಗ ಈ ಒಣಗಿದ ಬೆಂಡೆ ನೋಡಿ. ಬೀಜಕ್ಕೆ ಅಂತ ಗಿಡದಲ್ಲೇ ಬಿಟ್ಟಿದ್ದು. ಎಲ್ಲೆಲ್ಲಿ ಏಣಿತ್ತೋ ಅಲ್ಲಲ್ಲೇ ನೆಟ್ಟಗೆ ಸೀಳಿದೆ, ಒಂದು ಕಡೆಯೂ ದಾರಿ ತಪ್ಪಿಲ್ಲ. ಕಾಯಿ ಎಳೆಯದಾಗಿದ್ದಾಗಲೇ ಮುಂದೆ ಎಲ್ಲಿ ಬಾಯಿ ಬಿಡಬೇಕು ಅಂತ ಗೆರೆ ಎಳೆದಿಟ್ಟುಕೊಂಡಂತಿದೆ. ಸೋಪಿನ ಪುಡಿಯ ಡಬ್ಬಿಯ ಮೇಲೆ ಚುಕ್ಕೆ ಚುಕ್ಕೆ ಗೆರೆ ಇರುತ್ತದಲ್ಲ, ಹೆಬ್ಬೆರಳು ಒತ್ತಿದರೆ ಅಷ್ಟೇ ಜಾಗ ಹರಿದುಕೊಳ್ಳುವ ಹಾಗೆ, ಆ ಕೆಲಸವನ್ನೇ ಇದು ಮಾಡುತ್ತಿದೆ. ಕೀಲಿಲ್ಲ, ಚಿಲಕವಿಲ್ಲ. ಒಣಗುವುದೇ ಇದರ ಬೀಗದ ಕೈ.

ನಾನು ಹೇಳಬೇಕು ಅಂತ ಬಂದಿರುವುದೂ ಇಷ್ಟೇ. ಒಂದು ತರಕಾರಿಯ ರೂಪ ನೋಡಿ ಹಾಗೇ ಒಂದು ವಸ್ತು ಮಾಡಿದರೆ ನಮ್ಮ ಕೈಗೆ ಚಿತ್ರ ಮಾತ್ರ ಸಿಗುತ್ತದೆ. ಅದರೊಳಗೆ ಯಾವ ಭಾಗ ಏನು ಕೆಲಸ ಮಾಡುತ್ತಿದೆ ಅಂತ ಹುಡುಕಿಕೊಂಡು ಹೋದರೆ ನಮ್ಮ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ. ಇದು ನನಗೆ ಗೊತ್ತಾಗೋಕೆ ಸುಮಾರು ವರ್ಷ ಹಿಡಿಯಿತು.

ನನ್ನದು ಸಣ್ಣ ವರ್ಕ್‌ಶಾಪ್. ಸ್ಟೂಲು, ದೀಪದ ಶೇಡು, ಅಂಗಡಿಗಳಿಗೆ ಕಪಾಟು ಮಾಡುತ್ತೇವೆ. ಕಬ್ಬಿಣ, ಕಟ್ಟಿಗೆ ಎರಡೂ ಮುಟ್ಟುತ್ತೇವೆ. ಕೆಲವು ವರ್ಷದ ಹಿಂದೆ ಹೀರೇಕಾಯಿ ಆಕಾರದ ಒಂದು ದೀಪ ಮಾಡಿದೆ. ತೆಳು ತಗಡನ್ನು ಹತ್ತು ಪಟ್ಟಿ ಕತ್ತರಿಸಿ, ಬಾಗಿಸಿ, ಹತ್ತು ಏಣು ಬರುವಂತೆ ಬೆಸೆದು, ಹಸಿರು ಬಣ್ಣ ಹೊಡೆದೆ. ಹದಿನೈದು ದಿನದ ಕೆಲಸ. ನೋಡಿದವರೆಲ್ಲ "ಹೀರೇಕಾಯಿ ಥರಾನೇ ಐತಿ" ಅಂದರು. ಅದರ ಮೇಲೆ ಇನ್ನೊಂದು ಮಾತು ಯಾರೂ ಆಡಲಿಲ್ಲ, ಆಡುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಬೆಳಕು ಕೆಳಗೆ ಸರಿಯಾಗಿ ಬೀಳುತ್ತಿರಲಿಲ್ಲ, ಬಲ್ಬ್ ಬದಲಿಸಬೇಕಾದರೆ ಕೈ ಒಳಗೆ ಹೋಗುತ್ತಿರಲಿಲ್ಲ.

ಅದೇ ವಾರ ನಮ್ಮವ್ವ ಹೀರೇಕಾಯಿ ಸಿಪ್ಪೆ ಚಟ್ನಿಗೆ ಅಂತ ಏಣುಗಳನ್ನು ಹೆರೆಯುತ್ತಿದ್ದಳು. ನಮ್ಮ ಕಡೆ ಕಾಯಿ ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ, ಏನೂ ಹೊರಗೆ ಹೋಗಲ್ಲ. ಹೆರೆದ ಪಟ್ಟಿಯೊಂದನ್ನು ಎತ್ತಿಕೊಂಡು ಬಾಗಿಸಿದೆ. ಅಗಲ ಬದಿ ಮೇಲೆ ಮಾಡಿ ಬಾಗಿಸಿದರೆ ಸಲೀಸಾಗಿ ಬಾಗುತ್ತದೆ. ಏಣು ಮೇಲೆ ಮಾಡಿ ಬಾಗಿಸಲು ಹೋದರೆ ತಡೆಯುತ್ತದೆ, ಆಮೇಲೆ ಲಟಕ್ ಅಂತ ಮುರಿಯುತ್ತದೆ. ಹತ್ತು ಏಣು ಎಣಿಸಿ ದೀಪ ಮಾಡಿದ್ದೆ, ಒಂದು ಏಣನ್ನೂ ಬಾಗಿಸಿ ನೋಡಿರಲಿಲ್ಲ.

ಇಲ್ಲೇ ಮಾಡಿ ತೋರಿಸುತ್ತೇನೆ. ಎರಡು ಲೋಟ, ಮೇಲೆ ಒಂದು ಎ4 ಹಾಳೆ. ಐದು ರೂಪಾಯಿ ನಾಣ್ಯ ಇಟ್ಟೆ, ನಡು ಕುಸಿಯಿತು. ಅದೇ ಹಾಳೆಯನ್ನು ಬೀಸಣಿಗೆ ಥರ ಅರ್ಧ ಅರ್ಧ ಇಂಚಿಗೆ ಮಡಚಿದೆ. ಈಗ ಯಾರದ್ದಾದರೂ ಫೋನ್ ಕೊಡಿ. ಹೆದರಬೇಡಿ, ಕೆಳಗೆ ಬಟ್ಟೆ ಹಾಸಿದ್ದೇನೆ. ನಿಂತಿತು ನೋಡಿ. ಹಾಳೆ ಅದೇ, ತೂಕ ಅದೇ. ಬದಲಾಗಿದ್ದು ಎತ್ತರ.

ಇದರ ಲೆಕ್ಕ ಕೇಳಿದರೆ ಖುಷಿಯಾಗುತ್ತದೆ. ಒಂದು ಹಲಗೆಯ ದಪ್ಪ ಎರಡು ಪಟ್ಟಾದರೆ ಅದು ಬಾಗದೆ ನಿಲ್ಲುವ ಗಟ್ಟಿತನ ಎಂಟು ಪಟ್ಟಾಗುತ್ತದೆ. ದಪ್ಪ ಮೂರು ಪಟ್ಟಾದರೆ 27 ಪಟ್ಟು. ಹಾಗಂತ ದಪ್ಪ ಮಾಡುತ್ತಾ ಹೋದರೆ ಮಾಲೂ ಜಾಸ್ತಿ, ತೂಕವೂ ಜಾಸ್ತಿ. ಏಣು ಎಬ್ಬಿಸಿದರೆ ಅಷ್ಟೇ ಮಾಲಿನಲ್ಲಿ ಎತ್ತರ ಬರುತ್ತದೆ. ಮನೆ ಮೇಲಿನ ತಗಡಿನ ಅಲೆ, ಅಂಗಡಿ ಶಟರಿನ ಮಡಿಕೆ, ರಟ್ಟಿನ ಡಬ್ಬಿಯ ಒಳಗಿನ ಹಾಳೆ, ಎಲ್ಲದರ ಗುಟ್ಟೂ ಇದೇ.

ಇಂಗ್ಲೆಂಡಿನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ಅಂತ ಒಬ್ಬ ತೋಟಗಾರ ಇದ್ದ. ಚಾಟ್ಸ್‌ವರ್ತ್ ಅನ್ನುವ ದೊಡ್ಡ ಬಂಗಲೆಯ ತೋಟ ನೋಡಿಕೊಳ್ಳುತ್ತಿದ್ದ. ಅಮೆಜಾನ್ ಕಡೆಯ ದೈತ್ಯ ನೈದಿಲೆಯನ್ನು ಅಲ್ಲಿ ಬೆಳೆಸಿ, 1849ರಲ್ಲಿ ಅದರ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿದ. ಎಲೆ ಮುಳುಗಲಿಲ್ಲ. ಎಲೆಯನ್ನು ಮಗುಚಿ ನೋಡಿದರೆ ನಡುವಿನಿಂದ ಹೊರಟ ದಪ್ಪ ನರಗಳು, ಅವುಗಳ ನಡುವೆ ಅಡ್ಡ ಸಣ್ಣ ನರಗಳು. 1851ರಲ್ಲಿ ಲಂಡನ್‌ನಲ್ಲಿ ಸುಮಾರು 560 ಮೀಟರ್ ಉದ್ದದ ಕಬ್ಬಿಣ ಮತ್ತು ಗಾಜಿನ ಅರಮನೆ ಎದ್ದಿತಲ್ಲ, ಕ್ರಿಸ್ಟಲ್ ಪ್ಯಾಲೇಸ್, ಅದರ ಹಿಂದೆ ಆ ಎಲೆಯ ನರಗಳಿಂದ ಕಲಿತ ಪಾಠವಿದೆ ಅಂತ ಅವನೇ ಹೇಳಿಕೊಂಡಿದ್ದ. ಆ ಕಟ್ಟಡದ ಚಿತ್ರ ಹುಡುಕಿ ನೋಡಿ. ಎಲ್ಲೂ ಎಲೆಯ ಥರ ಕಾಣಲ್ಲ! ನನಗೆ ಬಹಳ ಹಿಡಿಸಿದ್ದು ಅದೇ.

ನಮ್ಮ ಹತ್ತಿರವೇ ನೋಡಬೇಕೆಂದರೆ ಹಂಪಿಯ ಆನೆ ಲಾಯಕ್ಕೆ ಹೋಗಿ. ಸಾಲಾಗಿ 11 ಕೋಣೆ, ಮೇಲೆ ಗುಮ್ಮಟಗಳು. ಕೆಲವು ನುಣುಪು, ಕೆಲವಕ್ಕೆ ಕುಂಬಳಕಾಯಿಗೆ ಇರುವ ಹಾಗೆ ಹೋಳು ಹೋಳು. ಪಟ್ಟದಕಲ್ಲಿನ ಗಳಗನಾಥ ಗುಡಿಯ ತುದಿಯಲ್ಲಿ ಒಂದು ಚಪ್ಪಟೆ, ಗೆರೆ ಗೆರೆಯ ಕಲ್ಲು ಕೂತಿದೆ. ಅಂಥ ಕಲ್ಲಿಗೆ ಆಮಲಕ ಅನ್ನುತ್ತಾರೆ, ಅಂದರೆ ನೆಲ್ಲಿಕಾಯಿ. ಕುಂಬಳಕಾಯಿ ನೋಡಿಯೇ ಗುಮ್ಮಟ ಕಟ್ಟಿದರು ಅಂತ ನಾನು ವಾದ ಮಾಡಲ್ಲ. ಮುಂದಿನ ಸಲ ಹೋದಾಗ ಆ ಹೋಳಿನ ಗುಮ್ಮಟದ ಮುಂದೆ ಸ್ವಲ್ಪ ಹೊತ್ತು ನಿಂತು, ಎಷ್ಟು ಹೋಳು, ಎಷ್ಟು ಆಳ ಅಂತ ಎಣಿಸಿ, ಅಷ್ಟು ಸಾಕು.

ಈಗ ಬುಟ್ಟಿಯಲ್ಲಿ ಕೊನೆಗೆ ಉಳಿದದ್ದಕ್ಕೆ ಬರೋಣ. ಇದಕ್ಕಾಗಿಯೇ ನಾನು ಬಂದಿದ್ದು.

ಇದು ತುಪ್ಪದ ಹೀರೇಕಾಯಿ. ಏಣಿಲ್ಲ, ಮೈ ನುಣುಪು. ಏಣಿನ ಹೀರೆಗೆ ಹೂವು ಸಂಜೆ ಅರಳುತ್ತದೆ, ಇದಕ್ಕೆ ಬೆಳಿಗ್ಗೆ. (ಹಿಂದಿನ ಸಾಲಿನವರು ಹೌದು ಹೌದು ಅಂದರು.) ಬೀಜಕ್ಕೆ ಬಿಟ್ಟ ಕಾಯಿಯನ್ನು ಅಜ್ಜಿ ಜಂತಿಗೆ ನೇತುಹಾಕುತ್ತಿದ್ದಳು. ಒಣಗಿದ ಮೇಲೆ ತುದಿಯಲ್ಲಿ ಒಂದು ಪುಟ್ಟ ಮುಚ್ಚಳ ತಾನೇ ಕಳಚಿ ಬೀಳುತ್ತದೆ, ಅಲ್ಲಾಡಿಸಿದರೆ ಕಪ್ಪು ಬೀಜ ಸುರಿಯುತ್ತದೆ. ಹೊರಗಿನ ಸಿಪ್ಪೆ ಒಣ ಕಾಗದದ ಹಾಗೆ ಪುಡಿಯಾಗಿ ಉದುರುತ್ತದೆ. ಉಳಿಯುವುದು ಈ ನಾರಿನ ಬಲೆ. ಮೈ ಉಜ್ಜೋಕೆ, ಪಾತ್ರೆ ತೊಳೆಯೋಕೆ ಬಳಸುತ್ತಿದ್ದೆವು. ಎರಡನೇ ಮಹಾಯುದ್ಧಕ್ಕೆ ಮೊದಲು ಜಪಾನಿನಿಂದ ಅಮೆರಿಕಕ್ಕೆ ಇದು ಹಡಗು ತುಂಬಾ ಹೋಗುತ್ತಿತ್ತು. ಅಲ್ಲಿ ಎಂಜಿನ್‌ಗಳಲ್ಲಿ ಸೋಸುವ ಕೆಲಸಕ್ಕೆ ಹಾಕುತ್ತಿದ್ದರು. ಬರೀ ಸ್ನಾನದ ಸಾಮಾನು ಅಂದುಕೊಂಡಿದ್ದ ನನಗೆ ಇದು ಗೊತ್ತಾದ ದಿನ ನಿದ್ದೆ ಬರಲಿಲ್ಲ.

ಒಂದು ಕಾಯಿಯನ್ನು ಕೂತು ಕೊಯ್ಯೋಕೆ ಶುರು ಮಾಡಿದೆ. ಅಡ್ಡ ಒಂದು, ಉದ್ದ ಒಂದು, ಓರೆ ಒಂದು. ಆಮೇಲೆ ಬ್ಲೇಡಿನಿಂದ ಪದರ ಪದರವಾಗಿ ಹೆರೆದೆ. ಪ್ರತಿ ಸಲವೂ ಬಿಡಿಸಿದೆ, ಪೆನ್ಸಿಲ್‌ನಲ್ಲಿ. ಫೋಟೋ ತೆಗೆಯಬೇಡಿ ಅಂತ ನಾನು ಹೇಳಲ್ಲ, ಆದರೆ ಫೋಟೋ ತೆಗೆದಾಗ ಕಣ್ಣು ಕೆಲಸ ಮುಗಿಯಿತು ಅಂದುಕೊಂಡುಬಿಡುತ್ತದೆ. ಬಿಡಿಸುವಾಗ ಒಂದೊಂದು ನಾರೂ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಕೇಳಲೇಬೇಕಾಗುತ್ತದೆ.

ಮೂರನೇ ದಿನ ಒಂದು ವಿಷಯ ಕಂಡಿತು. ಹೊರಮೈಯ ನಾರು ಹೆಚ್ಚಾಗಿ ಸುತ್ತು ಬರುತ್ತದೆ, ಪೀಪಾಯಿಗೆ ಹಾಕಿದ ಬಳೆಗಳ ಥರ. ಅದೇ ಗೋಡೆಯ ಒಳಮೈಯಲ್ಲಿ ನಾರು ಉದ್ದಕ್ಕೆ ಇಳಿಯುತ್ತದೆ. ನಡುವೆ ಎರಡನ್ನೂ ಹಿಡಿದು ಕಟ್ಟುವ ಗೋಜಲು. ಅಡ್ಡ ಕೊಯ್ದರೆ ಮೂರು ಸುರಂಗ, ಬೀಜ ಕೂತಿದ್ದ ಜಾಗ. ಮೂರೂ ಸೇರುವ ನಡುವಿನಲ್ಲಿ ಒಂದು ಕಂಬ, ಅದರಿಂದ ಗೋಡೆಗೆ ಮೂರು ತೋಳು. ಹೊರಸು ಹೆಣೆಯುವವರು ನೂಲನ್ನು ಒಂದು ದಿಕ್ಕಿಗೆ ಎಳೆದು ಇನ್ನೊಂದು ದಿಕ್ಕಿನಿಂದ ಬಿಗಿಯುತ್ತಾರಲ್ಲ, ಆ ಹೆಣಿಗೆಯನ್ನು ಕೊಳವೆ ಮಾಡಿ ನಿಲ್ಲಿಸಿದರೆ ಹೀಗಿರುತ್ತದೆ.

ಆ ನಾರೆಲ್ಲ ಕಾಯಿ ಹಸಿ ಇದ್ದಾಗ ನೀರು, ಆಹಾರ ಸಾಗಿಸುತ್ತಿದ್ದ ನಾಳಗಳು. ಹಾಗಾಗಿ ಒಂದೊಂದು ನಾರಿನ ಒಳಗೂ ಪೊಳ್ಳು. ಒಂದು ಅಡಿ ಉದ್ದದ ಒಣ ಕಾಯಿಯನ್ನು ತೂಗಿದೆ, 35 ಗ್ರಾಂ ಬಂತು. ಅದನ್ನು ಮೂರು ಮೂರು ಇಂಚಿನ ನಾಲ್ಕು ತುಂಡು ಮಾಡಿ ನೆಟ್ಟಗೆ ನಿಲ್ಲಿಸಿ, ಮೇಲೆ ಹಲಗೆ ಇಟ್ಟು, ಹಲಗೆ ಮೇಲೆ 25 ಕೆಜಿ ಗಂಗಾವತಿ ಸೋನಾಮಸೂರಿ ಚೀಲ ಏರಿಸಿದೆ. ಸುಮ್ನೆ ನಿಂತುಕೊಂಡವು. ಆಮೇಲೆ ಅವೇ ತುಂಡುಗಳನ್ನು ಮಲಗಿಸಿ ಅದೇ ಚೀಲ ಇಟ್ಟೆ. ಕರಕರ ಅಂತ ಚಪ್ಪಟೆಯಾದವು. ನೀರಿನಲ್ಲಿ ನೆನೆಹಾಕಿದರೆ ಮತ್ತೆ ಉಬ್ಬಿ ಸುಮಾರಾಗಿ ಮೊದಲಿನ ಆಕಾರಕ್ಕೆ ಬಂದವು. ಒಂದೇ ವಸ್ತು, ನಿಲ್ಲಿಸಿದರೆ ಕಂಬ, ಮಲಗಿಸಿದರೆ ಮೆತ್ತೆ, ನೆನೆಸಿದರೆ ಸ್ಪ್ರಿಂಗು. ಅವತ್ತಿನಿಂದ ಈ ಕಾಯಿಯ ಮೇಲೆ ನನಗೆ ಒಂಥರಾ ಗೌರವ.

ಇದರಿಂದ ಏನು ಮಾಡಿದೆ ಅಂತ ಕೇಳುತ್ತೀರಿ. ಎರಡು ಕೆಲಸ ಹೇಳುತ್ತೇನೆ.

ಮೊದಲನೆಯದು ಕೂಲರ್ ಪ್ಯಾಡ್. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ನಮ್ಮ ಕೊಪ್ಪಳ, ಎಲ್ಲ ಕಡೆ 40 ಡಿಗ್ರಿ ದಾಟುತ್ತದೆ. ನಮ್ಮದು ಒಣ ಬಿಸಿಲು, ಅದಕ್ಕೇ ಇಲ್ಲಿ ನೀರಿನ ಕೂಲರ್ ಕೆಲಸ ಮಾಡುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖ ಹೀರಿಕೊಳ್ಳುತ್ತದೆ. ಮಂಗಳೂರಿನಲ್ಲಿ ಗಾಳಿಯೇ ಒದ್ದೆ, ಅಲ್ಲಿ ನೀರು ಬೇಗ ಆವಿಯಾಗಲ್ಲ, ಕೂಲರ್ ಇಟ್ಟರೆ ಬರೀ ಸೆಕೆ. ಮಾಮೂಲಿ ಪ್ಯಾಡಿನಲ್ಲಿ ಮರದ ಹೆರೆ ತುಂಬಿರುತ್ತಾರೆ. ಒಂದು ಬೇಸಿಗೆಗೆ ಅದು ಕೆಳಗೆ ಕುಸಿಯುತ್ತದೆ, ಮೇಲೆ ಕಿಂಡಿ ಬೀಳುತ್ತದೆ, ಆ ಕಿಂಡಿಯಿಂದ ಬಿಸಿಗಾಳಿ ನೇರವಾಗಿ ಒಳಗೆ ನುಗ್ಗುತ್ತದೆ. ಹೀರೆ ನಾರು ಒಂದಕ್ಕೊಂದು ಬೆಸೆದುಕೊಂಡೇ ಬೆಳೆದದ್ದು, ಕುಸಿಯಲ್ಲ. ಕಾಯಿಗಳನ್ನು ಉದ್ದಕ್ಕೆ ಸೀಳಿ, ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಸುತಳಿಯಿಂದ ಹೊಲಿದು ಚೌಕಟ್ಟಿಗೆ ಕಟ್ಟಿದೆ.

ಮೊದಲ ವಾರ ನನ್ನಷ್ಟು ಖುಷಿ ಯಾರಿಗೂ ಇರಲಿಲ್ಲ. ಆಮೇಲೆ ನೋಡಿದರೆ ಪ್ಯಾಡಿನ ಕೆಳಗಿನ ಅರ್ಧ ಮಾತ್ರ ಒದ್ದೆ. ಯಾಕೆ? ಕಾಯಿಗಳನ್ನು ಉದ್ದುದ್ದ ನಿಲ್ಲಿಸಿ ಕಟ್ಟಿದ್ದೆ. ಒಳಮೈಯ ಉದ್ದ ನಾರು ನೀರನ್ನು ದಾರಿ ತೋರಿಸಿ ಸೀದಾ ಕೆಳಗಿನ ತೊಟ್ಟಿಗೆ ಇಳಿಸುತ್ತಿತ್ತು. ಬಿಡಿಸಿದ್ದ ಚಿತ್ರ ಗೋಡೆ ಮೇಲೇ ಇತ್ತು, ಅದರಲ್ಲಿ ಉತ್ತರವೂ ಇತ್ತು. ಒಂದು ಪದರ ಅಡ್ಡ, ಒಂದು ಪದರ ಉದ್ದ ಹಾಕಿದೆ. ನೀರು ತಡೆದು ತಡೆದು ಇಳಿಯೋಕೆ ಶುರುವಾಯಿತು, ಮೇಲಿನಿಂದ ಕೆಳಗಿನ ತನಕ ಒದ್ದೆಯಾಯಿತು. ಮೂರನೇ ವಾರಕ್ಕೆ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಹತ್ತಿಕೊಂಡಿತು, ಸ್ವಲ್ಪ ವಾಸನೆಯೂ ಬಂತು. ವಾರಕ್ಕೊಮ್ಮೆ ಬಿಚ್ಚಿ ಒಗೆದು ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಜೇನುಗೂಡಿನಂಥ ಕಾಗದದ ಪ್ಯಾಡಿಗಿಂತ ಇದು ಮೇಲು ಅಂತ ನಾನು ಹೇಳಲ್ಲ, ಅದು ಹೆಚ್ಚು ದಿನ ಬಾಳುತ್ತದೆ. ಇದು ಹಿತ್ತಲಲ್ಲಿ ಬೆಳೆಯುತ್ತದೆ, ಬೇಸಿಗೆ ಮುಗಿದ ಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ನನ್ನ ಮನೆಯಲ್ಲಿ ಈಗಲೂ ಇದೇ ಇದೆ.

ಎರಡನೆಯದು ಸ್ಟೂಲಿನ ಕೂರುವ ಹಲಗೆ. ಇದು ನನ್ನ ಮನಸ್ಸಿಗೆ ಇನ್ನೂ ಹತ್ತಿರ.

ಎರಡು ತೆಳು ಪ್ಲೈವುಡ್, ನಡುವೆ ಒಂದು ಇಂಚು ಎತ್ತರದ ಹೀರೆ ಬಿಲ್ಲೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಅಂಟಿಸಬೇಕು. ಮೊದಲು ಹೇಳಿದ ಲೆಕ್ಕ ನೆನಪಿದೆಯಲ್ಲ, ಎತ್ತರ ಬಂತು, ತೂಕ ಬರಲಿಲ್ಲ. ಎರಡು ಪ್ಲೈಗಳನ್ನು ಒಂದಕ್ಕೊಂದು ದೂರ ಹಿಡಿದಿಡುವುದೇ ಬಿಲ್ಲೆಯ ಕೆಲಸ. ಪ್ರಶ್ನೆ ಇದ್ದದ್ದು ಅಂಟಿನದು. ಫೆವಿಕಾಲ್ ಹಾಕಬಹುದು, ಹಾಕಿದೆ ಕೂಡ. ಆದರೆ ತೆಳ್ಳಗೆ ಇದ್ದರೆ ಬಿಲ್ಲೆಯ ಒಳಗೆ ಹರಿದುಹೋಗುತ್ತದೆ, ಅಂಚಿನಲ್ಲಿ ನಿಲ್ಲಲ್ಲ.

ಆಗ ಕಿನ್ನಾಳಕ್ಕೆ ಹೋದೆ. ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವುದು ನಿಮಗೆಲ್ಲ ಗೊತ್ತು, ಭೌಗೋಳಿಕ ಸೂಚಿಕೆ ಸಿಕ್ಕಿರುವ ಕಲೆ ಅದು. ಹಗುರ ಕಟ್ಟಿಗೆಯ ತುಂಡುಗಳನ್ನು ಜೋಡಿಸಿ, ಮೇಲೆ ಕಿಟ್ಟ ಹಚ್ಚುತ್ತಾರೆ. ಗೋಣಿ ಚಿಂದಿಯನ್ನು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದರೆ ಕಿಟ್ಟ. ನಾರು ಮತ್ತು ಅಂಟು ಸೇರಿದರೆ ಎಷ್ಟು ಗಟ್ಟಿ ಅನ್ನುವುದು ಆ ಮನೆಗಳಲ್ಲಿ ಎಷ್ಟೋ ತಲೆಮಾರಿನಿಂದ ಗೊತ್ತಿರುವ ವಿಷಯ. ಅಲ್ಲಿ ಕೂತು ನೋಡಿದೆ, ಕೇಳಿದೆ, ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ಕುದಿಸುವ ಹದ ಕಲಿತೆ. ಕಂಬಳಿಗೆ ಗಂಜಿ ಹಾಕುವುದೂ ಇದೇ ಬೀಜದಿಂದ. ಅಂಟು ದಪ್ಪಗೆ ಇರುತ್ತದೆ, ನಾರಿನ ತುದಿಗಳನ್ನು ಹಿಡಿದುಕೊಂಡು ಅಲ್ಲೇ ನಿಲ್ಲುತ್ತದೆ. ಹುಳ ಹಿಡಿಯದಿರಲಿ ಅಂತ ಪುಸ್ತಕ ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ನಾನೂ ಹಾಕಿದೆ. ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಇನ್ನೊಂದು ವಿಷಯ, ಈ ಅಂಟಿಗೆ ನೀರು ಆಗಲ್ಲ, ಮೆತ್ತಗಾಗಿಬಿಡುತ್ತದೆ. ಮನೆಯೊಳಗಿನ ಸ್ಟೂಲಿಗೆ ಸರಿ, ಅಂಗಳಕ್ಕೆ ಬೇಡ.

ಇದೋ ಆ ಸ್ಟೂಲು. ಯಾರಾದರೂ ಬಂದು ಹತ್ತಿ ನಿಲ್ಲಿ. ಒಬ್ಬರು ಸಾಕು, ಇಬ್ಬರು ಬೇಡ. ಎತ್ತಿ ನೋಡಿ, ಹಗುರ ಇದೆಯಲ್ವಾ? ಹೊರಗಿನಿಂದ ನೋಡಿದರೆ ಇದರಲ್ಲಿ ಹೀರೇಕಾಯಿ ಇದೆ ಅಂತ ಗೊತ್ತೇ ಆಗಲ್ಲ. ಆ ಹಸಿರು ದೀಪ ಮಾಡಿದವನೇ ಇದನ್ನೂ ಮಾಡಿದ್ದು.

ಒಬ್ಬ ಹುಡುಗಿ ಎದ್ದು, "ಸರ್, ಇದನ್ನ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಬಹುದಲ್ವಾ?" ಅಂತ ಕೇಳಿದಳು. ಮಾಡಬಹುದು, ಮಾಡಿ. ಜೇನುಗೂಡಿನ ಆಕಾರವನ್ನು ಪ್ರಿಂಟರ್‌ಗಳು ಈಗಾಗಲೇ ಒಳಗೆ ತುಂಬುತ್ತವೆ. ಆದರೆ ಪ್ರಿಂಟ್ ಹಾಕುವ ಮೊದಲು ಯಾವ ನಾರು ಎಲ್ಲಿಗೆ ಹೋಗಬೇಕು ಅಂತ ನೀವು ಹೇಳಬೇಕು ತಾನೇ? ಅದು ಗೊತ್ತಾಗೋಕೆ ಮತ್ತೆ ಬ್ಲೇಡು, ಪೆನ್ಸಿಲ್ಲೇ ಬೇಕು.

ಇನ್ನೊಬ್ಬರು ಖರ್ಚು ಕೇಳಿದರು. ಖರ್ಚಿಗಿಂತ ನನಗೆ ಕಾಡುತ್ತಿರುವುದು ವ್ಯರ್ಥ. ಕಾಯಿಗಳು ಸೊಟ್ಟ ಬೆಳೆಯುತ್ತವೆ. ಸೊಟ್ಟ ಕಾಯಿಯಿಂದ ಕೊಯ್ದ ಬಿಲ್ಲೆ ನೆಟ್ಟಗೆ ನಿಲ್ಲಲ್ಲ, ವಾಲುತ್ತದೆ. ವಾಲಿದ ಬಿಲ್ಲೆ ಭಾರ ಹೊರಲ್ಲ. ಮೂರು ಕಾಯಿ ಕೊಯ್ದರೆ ಒಂದು ಕಾಯಿಯಷ್ಟು ಬಿಸಾಡಬೇಕಾಗುತ್ತದೆ. ನೆಲದ ಮೇಲೆ ಹಬ್ಬಿದ ಬಳ್ಳಿಯಲ್ಲಿ ಜಾಸ್ತಿ ಸೊಟ್ಟ, ಚಪ್ಪರದಿಂದ ಇಳಿಬಿದ್ದದ್ದು ಪರವಾಗಿಲ್ಲ. ಚಪ್ಪರಕ್ಕೆ ಹಾಕಿದರೂ ಪೂರ್ತಿ ನೇರ ಬರಲ್ಲ. ಇದಕ್ಕೆ ಬಿಲ್ಲೆ ಕೊಯ್ಯುವ ಒಂದು ಹಿಡಿಕೆ ಮಾಡಬೇಕು, ಸೊಟ್ಟ ಕಾಯಿಯನ್ನೂ ಸರಿಯಾದ ಕೋನದಲ್ಲಿ ಹಿಡಿಯುವಂಥದ್ದು, ಅಂತ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ.

ಹಿಂದಿನ ಸಾಲಿನಲ್ಲಿ ಒಬ್ಬ ಅವ್ವ ಅಷ್ಟೂ ಹೊತ್ತು ಬೆಂಡೆಕಾಯಿ ಬಿಲ್ಲೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಅಲ್ಲಿಂದಲೇ ಕೇಳಿದರು:

"ತಮ್ಮಾ, ಪಡವಲಕಾಯಿಗೆ ತುದಿಗೆ ಕಲ್ಲು ಕಟ್ಟತೀವಲ್ಲ ನೆಟ್ಟಗ ಬರಲಿ ಅಂತ. ಇದಕ್ಯಾಕ ಕಟ್ಟಿಲ್ಲ ನೀನು?"

ನಾನು ಬೋರ್ಡಿನ ಮುಂದೆ ಹಾಗೇ ನಿಂತೆ. ಪಡವಲಕ್ಕೆ ಕಲ್ಲು ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. "ಎಷ್ಟು ದೊಡ್ಡ ಕಲ್ಲು ಅವ್ವಾ?" ಅಂತ ಕೇಳಿದೆ. "ಎಳೇದಿದ್ದಾಗ ಸಣ್ಣದು ಕಟ್ಟು, ಬೆಳದಂಗ ನೋಡಕೋತ ದೊಡ್ಡದು ಮಾಡು. ಮೊದಲೇ ದೊಡ್ಡದು ಕಟ್ಟಿದರ ತೊಟ್ಟು ಹರೀತದ" ಅಂದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹಾಗೆ ಹೇಳಿದ್ದರೂ ಮೊದಲ ರಾತ್ರಿಯೇ ಒಂದು ತೊಟ್ಟು ಹರಿಯಿತು. ಹಿತ್ತಲ ಚಪ್ಪರದಲ್ಲಿ ಈಗ ಐದು ಕಾಯಿ ಕಲ್ಲು ಕಟ್ಟಿಕೊಂಡು ನೇರವಾಗಿ ಇಳಿದಿವೆ. ಅದೇ ಬಳ್ಳಿಯಲ್ಲಿ ಐದಕ್ಕೆ ಏನೂ ಕಟ್ಟಿಲ್ಲ, ಗುರುತಿಗೆ ದಾರ ಮಾತ್ರ ಸುತ್ತಿದ್ದೇನೆ. ಒಣಗಿದ ಮೇಲೆ ಅದರದ್ದೊಂದು, ಇದರದ್ದೊಂದು ಪಕ್ಕ ಪಕ್ಕ ಇಟ್ಟು ಕೊಯ್ಯಬೇಕು. ಭಾರ ಎಳೆಯುತ್ತಾ ಬೆಳೆದ ಕಾಯಿಯ ಒಳಮೈಯಲ್ಲಿ ಉದ್ದ ನಾರು ಎಷ್ಟು ಅಂತ ಎಣಿಸಬೇಕು. ಆ ದಿನ ಅವ್ವನನ್ನೂ ವರ್ಕ್‌ಶಾಪಿಗೆ ಕರೆದಿದ್ದೇನೆ. ಬ್ಲೇಡು ಬೇಡ, ಈಳಿಗೆ ಮಣೆ ಇಡು ಅಂದಿದ್ದಾರೆ.